ಪತ್ರಾಸ್ ತೆಗೆದು ಹಂಚು ಹೊದಿಸುವ ಮುನ್ನ: ಧಾರವಾಡ ಸೀಮೆಯ ಒಂದು ಮಾಡಿನ ಲೆಕ್ಕ

ಮನೆ ಇರುವುದು ಧಾರವಾಡದಿಂದ ಅಳ್ನಾವರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಧಾರವಾಡದಿಂದ ಪೂರ್ವಕ್ಕೆ, ನವಲಗುಂದ, ಗದಗಿನ ಕಡೆ ಹೋದರೆ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಪಶ್ಚಿಮಕ್ಕೆ ಹೊರಟರೆ ಮಳೆ ಜಾಸ್ತಿಯಾಗುತ್ತಾ ಹೋಗುತ್ತದೆ, ಅದರ ಜತೆಗೇ ಮಾಡುಗಳೂ ಇಳಿಜಾರಾಗುತ್ತಾ ಹೋಗುತ್ತವೆ. ಈ ಮನೆಯೂ ಎರಡು ಇಳಿಜಾರಿನ ಹಂಚಿನ ಮನೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಮಂಗಗಳ ಕಾಟಕ್ಕೆ ಬೇಸತ್ತು ಹಂಚು ಇಳಿಸಿ, ಹಳೆಯ ಕಟ್ಟಿಗೆ ಮಾರಿ, ತೆಳ್ಳಗಿನ ಹೊಸ ಪಕಾಸು (ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಕಟ್ಟಿಗೆ) ಹಾಕಿ ಪತ್ರಾಸ್, ಅಂದರೆ ತಗಡು, ಹೊದಿಸಿದ್ದರು. ಬೇಸಿಗೆಯಲ್ಲಿ ಒಳಗೆ ಕೂರಲಾಗದ ಸೆಕೆ. ಮಳೆಗಾಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ಮನೆಯ ಯಜಮಾನರು ನಿವೃತ್ತ ಶಾಲಾ ಮಾಸ್ತರರು. ಮತ್ತೆ ಹಂಚು ಹೊದಿಸಬೇಕು ಎಂದು ಅವರೂ ಅವರ ಮನೆಯವರೂ ನಿರ್ಧಾರ ಮಾಡಿದ್ದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಈಗ ಮೇಲಿರುವ ಪಕಾಸು ಹಂಚನ್ನು ತಡೆಯುತ್ತವೆಯೇ?

ಅಳತೆಗಳು ಹೀಗಿವೆ. ಒಳಗೆ 15 ಅಡಿ ಅಗಲ, 22 ಅಡಿ ಉದ್ದದ ಒಂದೇ ಪಡಸಾಲೆ. ಸುತ್ತ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಎರಡೂ ತುದಿಗಳಲ್ಲಿ ಗೋಡೆ ತ್ರಿಕೋನವಾಗಿ ಮಾಡಿನ ನೆತ್ತಿಯವರೆಗೆ ಏರಿದೆ. ಪಕಾಸು ಕೂರುವ ಪಟ್ಟಿ ಕಟ್ಟಿಗೆ ಗೋಡೆಯ ಮೇಲೆ, ಅದರ ಒಳಮುಖದಿಂದ ಅರ್ಧ ಅಡಿ ಹೊರಕ್ಕೆ ಇದೆ. ಹಾಗಾಗಿ ಪಟ್ಟಿಯಿಂದ ಪಟ್ಟಿಗೆ 16 ಅಡಿ, ಒಂದು ಬದಿಗೆ 8 ಅಡಿ. ಇಳಿಜಾರು 30 ಡಿಗ್ರಿ, ಮಂಗಳೂರು ಹಂಚಿಗೆ ಒಳ್ಳೆಯ ಇಳಿಜಾರು. ಪಕಾಸು 2×3 ಇಂಚಿನವು, ಮೂರು ಅಡಿಗೊಂದರಂತೆ ಬದಿಗೆ ಎಂಟು. ನೆತ್ತಿಯಲ್ಲಿ ಒಂದು ತೆಳು ಹಲಗೆ, ಅದಕ್ಕೆ ಎರಡೂ ಬದಿಯ ಪಕಾಸು ತಾಗಿಸಿ ಮೊಳೆ ಹೊಡೆದಿದ್ದಾರೆ. ನಡುವೆ ಬೇರೆ ಯಾವ ಆಧಾರವೂ ಇಲ್ಲ.

ಬಡಿಗೇರರು ಹಿರಿಯರು, ಕೈಕೆಲಸ ಬಲ್ಲವರು. ಅವರ ಉತ್ತರ ತಯಾರಿತ್ತು. "ಇವು ಸಾಲೂದಿಲ್ರಿ ಮಾಸ್ತರ್ರ. ಎಲ್ಲಾ ತಗದು ನಾಕು-ನಾಕು ಹಾಕಿಬಿಡೂಣು. ಮೊಮ್ಮಕ್ಕಳ ಕಾಲಕ್ಕೂ ಚಿಂತಿ ಇರೂದಿಲ್ಲ." ಮಾಸ್ತರರಿಗೆ ಕಟ್ಟಿಗೆಯ ದರದ ಚಿಂತೆ. "ಇದ್ದದ್ದ ಗಟ್ಟಿ ಅದಾವಲ್ರಿ ಬಡಿಗೇರ್ರ, ಒಂದರ ಮುರದೈತೇನು?"

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಆದರೆ ಇಬ್ಬರೂ ಕಟ್ಟಿಗೆಯ ದಪ್ಪದ ಬಗ್ಗೆಯೇ ಮಾತಾಡುತ್ತಿದ್ದರು. ಮೊದಲು ಕೇಳಬೇಕಾದದ್ದು ಬೇರೆ: ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಎಷ್ಟು ದೂರ? ಕೆಲಸದ ಜಾಗದಲ್ಲಿ ಇದನ್ನೇ ಸ್ಪ್ಯಾನ್ ಅನ್ನುತ್ತಾರೆ. ದಪ್ಪ ಎಷ್ಟಿರಬೇಕು ಎಂಬುದನ್ನು ಅದು ಹೇಳುತ್ತದೆ.

ಮೇಲೆ ಕೂರುವ ಭಾರ

ರೀಪು (ಹಂಚು ಕೂರಲು ಪಕಾಸಿನ ಮೇಲೆ ಅಡ್ಡಲಾಗಿ ಬಡಿಯುವ ಪಟ್ಟಿ) ಸೇರಿ ಮಂಗಳೂರು ಹಂಚಿನ ತೂಕ ಚದರ ಮೀಟರಿಗೆ ಸುಮಾರು 65 ಕಿಲೋ ಹಿಡಿಯುತ್ತಾರೆ. ಚದರಡಿಗೆ 6 ಕಿಲೋ. ಪತ್ರಾಸ್ ಆದರೆ ಚದರಡಿಗೆ ಅರ್ಧ ಕಿಲೋ ಆಸುಪಾಸು. ಅಂದರೆ ಹಂಚು ಹತ್ತು ಹನ್ನೆರಡು ಪಟ್ಟು ಭಾರ. ಗೋಡೆಯಿಂದಾಚೆ ಚಾಚಿದ ಸೂರು ಸೇರಿ ಈ ಮಾಡಿನ ಎರಡೂ ಇಳಿಜಾರು ಸುಮಾರು 540 ಚದರಡಿ. ಪತ್ರಾಸಿನ ಒಟ್ಟು ತೂಕ 270 ಕಿಲೋ ಆದರೆ ಹಂಚಿನದು ಮೂರು ಟನ್ನಿಗೂ ಜಾಸ್ತಿ. ಮಳೆ ನೀರು ಕುಡಿದ ಹಂಚು ಇನ್ನೂ ಸ್ವಲ್ಪ ಭಾರವೇ.

ಹಂಚಿನ ತೂಕ ಇಳಿಜಾರಿನ ಮೇಲೆ ಅಳೆದದ್ದು. ನೆಲದ ಅಳತೆಗೆ ತಂದರೆ 30 ಡಿಗ್ರಿ ಇಳಿಜಾರಿನಲ್ಲಿ 6 ಕಿಲೋ 7 ಆಗುತ್ತದೆ. ಕಟ್ಟಿಗೆಯ ಸ್ವಂತ ತೂಕಕ್ಕೆ 1 ಕಿಲೋ ಸೇರಿಸೋಣ. ಮೇಲೆ ಹತ್ತಿ ಕೆಲಸ ಮಾಡುವವರ ಭಾರಕ್ಕೆಂದು ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಒಂದು ಲೆಕ್ಕ ಕೊಟ್ಟಿದೆ. ಇಳಿಜಾರು 10 ಡಿಗ್ರಿ ದಾಟಿದರೆ ಚದರ ಮೀಟರಿಗೆ 75 ಕಿಲೋದಿಂದ ಶುರು ಮಾಡಿ, ಪ್ರತಿ ಡಿಗ್ರಿಗೆ 2 ಕಿಲೋ ಇಳಿಸುತ್ತಾ ಬರಬೇಕು. ಆದರೆ 40 ಕಿಲೋಗಿಂತ ಕೆಳಗೆ ಹೋಗುವಂತಿಲ್ಲ. ನಮ್ಮ 30 ಡಿಗ್ರಿಗೆ ಆ 40 ಕಿಲೋವೇ ಬರುತ್ತದೆ, ಚದರಡಿಗೆ ಸುಮಾರು 4. ಎಲ್ಲ ಕೂಡಿದರೆ ನೆಲದ ಅಳತೆಯ ಒಂದು ಚದರಡಿಗೆ 12 ಕಿಲೋ.

ಇದರಲ್ಲಿ ಎರಡು ಜಾತಿ ಇದೆ. 8 ಕಿಲೋ ಹಗಲು ರಾತ್ರಿ, ವರ್ಷವಿಡೀ ಕೂತೇ ಇರುವ ಭಾರ. 4 ಕಿಲೋ ಮಾತ್ರ ಯಾವಾಗಲೋ ಬಂದು ಹೋಗುವಂಥದ್ದು. ಪತ್ರಾಸಿನ ಮಾಡಿನಲ್ಲಿ ಸದಾ ಕೂತಿರುವ ಭಾರ ಎರಡು ಕಿಲೋನೂ ಇಲ್ಲ. "ಒಂದರ ಮುರದೈತೇನು" ಎಂಬ ಮಾಸ್ತರರ ಮಾತಿಗೆ ಇದೇ ಉತ್ತರ. ಈ ಪಕಾಸುಗಳು ಇಷ್ಟು ವರ್ಷ ನಿಜವಾದ ಭಾರವನ್ನು ಹೊತ್ತೇ ಇಲ್ಲ. ಪತ್ರಾಸಿಗೆ ತೂಕಕ್ಕಿಂತ ಗಾಳಿಯೇ ವೈರಿ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಅದು ಕೆಳಗೆ ಕುಸಿಯುವುದಿಲ್ಲ, ಮೇಲಕ್ಕೆ ಹಾರುತ್ತದೆ. ಇಲ್ಲಿನ ಮೊಳೆ, ಕ್ಲಾಂಪುಗಳೆಲ್ಲ ಆ ಕೆಲಸಕ್ಕೆ ಸರಿಯಾಗಿಯೇ ಇದ್ದವು.

ಮುರಿಯುವುದಿಲ್ಲ, ಆದರೆ ಜೋತು ಬೀಳುತ್ತದೆ

ಮೊದಲು ಪಕಾಸಿನ ನಡುವಿನ ಅಂತರವನ್ನು ಮೂರು ಅಡಿಯಿಂದ ಎರಡಕ್ಕೆ ಇಳಿಸಿ ನೋಡೋಣ. ಹೇಗಿದ್ದರೂ ಹಂಚಿನ ರೀಪಿಗೆ ಮೂರು ಅಡಿ ಜಾಸ್ತಿಯಾಯಿತು. ಎರಡು ಅಡಿಗೊಂದು ಪಕಾಸು ಇದ್ದರೆ ಒಂದೊಂದರ ಪಾಲಿಗೆ 2 ಅಡಿ ಅಗಲ, 8 ಅಡಿ ಉದ್ದದ ಪಟ್ಟಿ. 16 ಚದರಡಿಗೆ 12ರಂತೆ 192 ಕಿಲೋ.

2×3 ಪಕಾಸಿನ ಮೇಲೆ ಈ ಭಾರ ಹೇರಿದರೆ ನಡುಮಧ್ಯದಲ್ಲಿ ಕಟ್ಟಿಗೆಯ ಎಳೆಗಳಿಗೆ ಚದರ ಮಿಲಿಮೀಟರಿಗೆ ಸುಮಾರು 11.7 ನ್ಯೂಟನ್ ಒತ್ತಡ ಬರುತ್ತದೆ. ಕಟ್ಟಡದ ಕಟ್ಟಿಗೆಗೆಂದೇ ಇರುವ ಐಎಸ್ 883 ಮಾನಕ ಕಟ್ಟಿಗೆಗಳನ್ನು ಅವುಗಳ ಬಿಗಿತನ ನೋಡಿ ಎ, ಬಿ, ಸಿ ಎಂದು ಮೂರು ಗುಂಪು ಮಾಡಿದೆ. ಸಾಗವಾನಿ ಬಿ ಗುಂಪಿನದು. ಒಳ್ಳೆಯ ದರ್ಜೆಯ, ಮಳೆ ತಾಗದ ಜಾಗದ ಬಿ ಗುಂಪಿನ ಕಟ್ಟಿಗೆಗೆ 12ರವರೆಗೆ ಬಿಡಬಹುದು. ಅಂದರೆ ಅಂಚಿನಲ್ಲಿ ಪಾಸು. ಈಗಿರುವಂತೆ ಮೂರು ಅಡಿ ಅಂತರದಲ್ಲೇ ಹಂಚು ಹೊದಿಸಿದ್ದರೆ 17.5 ಆಗುತ್ತಿತ್ತು. ಅದು ಫೇಲು.

ಎಷ್ಟೋ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುರಿಯುವುದಿಲ್ಲ ತಾನೇ, ಸಾಕು ಎಂದು. ಹಂಚಿನ ಮಾಡು ಸೋರುವುದು ಪಕಾಸು ಮುರಿದಾಗ ಅಲ್ಲ, ಬಾಗಿದಾಗ. ಮಂಗಳೂರು ಹಂಚು ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವ ಹಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿ ಮಾಡಲು ಶುರು ಮಾಡಿದ ಈ ಹಂಚು, ಕೈಯಿಂದ ಮಾಡಿದ ನಾಡಹಂಚಿನಂತೆ ಹೇಗೆಂದರೆ ಹಾಗೆ ಹೊಂದಿಕೊಳ್ಳುವುದಿಲ್ಲ. ಅದಕ್ಕೆ ಕೆಳಗೆ ಸಪಾಟು ಬೇಕು. ನಡುವೆ ತಗ್ಗು ಬಿದ್ದರೆ ಹಂಚಿನ ಸಂದು ಬಾಯಿ ಬಿಡುತ್ತದೆ. ಮಳೆಯ ಜತೆ ಗಾಳಿ ಬಂದಾಗ ನೀರು ಅಲ್ಲಿಂದಲೇ ಒಳಗೆ. ಅದಕ್ಕೇ ಐಎಸ್ 883 ಹಂಚಿನಂಥ ಒಡೆಯುವ ಸಾಮಾನು ಹೊರುವ ಕಟ್ಟಿಗೆಗೆ ಬಿಗಿ ನಿಯಮ ಮಾಡಿದೆ. ಸ್ಪ್ಯಾನಿನ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಾಗಬಾರದು. ಬೇರೆ ಕಡೆ 240ರಲ್ಲಿ ಒಂದು ಪಾಲು ನಡೆಯುತ್ತದೆ.

ನಮ್ಮ ಪಕಾಸಿಗೆ ಇಳಿಜಾರಿನ ಮೇಲಿನ ಉದ್ದ ಹಿಡಿದರೆ ಆ ಮಿತಿ 8 ಮಿಲಿಮೀಟರ್. 2×3 ಎಷ್ಟು ಬಾಗುತ್ತದೆ? 26 ಮಿಲಿಮೀಟರ್! ಅದರಲ್ಲೂ 17 ಮಿಲಿಮೀಟರ್ ಬರೀ ಹಂಚಿನದು ಮತ್ತು ಕಟ್ಟಿಗೆಯ ಸ್ವಂತ ತೂಕದ್ದು, ಎಂದೂ ಹೋಗದ ಬಾಗು. ಕಟ್ಟಿಗೆಗೆ ಇನ್ನೊಂದು ಗುಣವಿದೆ. ಭಾರ ಕೂತೇ ಇದ್ದರೆ ವರ್ಷ ಹೋದಂತೆ ಬಾಗು ಹೆಚ್ಚುತ್ತಲೇ ಹೋಗುತ್ತದೆ. ಹಸಿ ಕಟ್ಟಿಗೆ ಆದರಂತೂ ಕೇಳುವುದೇ ಬೇಡ.

ಹಾಗಾದರೆ ಬಡಿಗೇರರ 4×4?

ಅದು ಸಾಲುತ್ತದೆ. ಬಾಗು 5.4 ಮಿಲಿಮೀಟರ್, ಮಿತಿಯೊಳಗೆ. ಆದರೆ 2×5 ಹಾಕಿದರೂ ಬಾಗು 5.6 ಮಿಲಿಮೀಟರ್. ಹೆಚ್ಚು ಕಡಿಮೆ ಅಷ್ಟೇ. 4×4ರಲ್ಲಿ 16 ಚದರ ಇಂಚು ಕಟ್ಟಿಗೆ, 2×5ರಲ್ಲಿ 10. ಕೆಲಸ ಒಂದೇ, ದುಡ್ಡು ಮಾತ್ರ ಹತ್ತಕ್ಕೆ ಹದಿನಾರು. ಕಟ್ಟಿಗೆ ಅಡ್ಡೆಯಲ್ಲಿ ಸುಲಭವಾಗಿ ಸಿಗುವ 3×4ರದ್ದೂ ಇದೇ ಕಥೆ. 12 ಚದರ ಇಂಚು ಕಟ್ಟಿಗೆ ಸುರಿದರೂ ಬಾಗು 7.2, ಅಂದರೆ 2×5ಕ್ಕಿಂತ ಜಾಸ್ತಿ.

ಕಾರಣ ಸರಳ. ಕಟ್ಟಿಗೆಯ ಅಗಲ ದುಪ್ಪಟ್ಟಾದರೆ ಬಲವೂ ದುಪ್ಪಟ್ಟು, ಬಿಗಿತನವೂ ದುಪ್ಪಟ್ಟು. ಎತ್ತರ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು, ಬಿಗಿತನ ಎಂಟು ಪಟ್ಟು. ಮಕ್ಕಳ ಮರದ ಸ್ಕೇಲನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ನಿಲ್ಲಿಸಿ ಒತ್ತಿದರೆ ಜಗ್ಗುವುದಿಲ್ಲ ಅಲ್ವಾ, ಅಷ್ಟೇ ವಿಷಯ. ಬಡಿಗೇರರಿಗೆ ಇದು ಗೊತ್ತಿಲ್ಲ ಎಂದಲ್ಲ. ಯಾವ ಪಕಾಸನ್ನೂ ಅವರು ಮಲಗಿಸಿ ಹಾಕುವುದಿಲ್ಲ. ಅವರ ವಾದ ಬೇರೆ ಇತ್ತು: ತೆಳ್ಳಗೆ ಎತ್ತರದ ಕಟ್ಟಿಗೆ ಒಣಗುವಾಗ ತಿರುಚುತ್ತದೆ, 4×4 ಹಾಗೆ ಮಾಡುವುದಿಲ್ಲ. ಇದು ನಿಜವೇ, ಅದರಲ್ಲೂ ನೀಲಗಿರಿಯ ವಿಷಯದಲ್ಲಿ. ಚೆನ್ನಾಗಿ ಒಣಗಿದ ಸಾಗವಾನಿ, ಮತ್ತಿ, ನಂದಿಗೆ ಅಷ್ಟು ಹೆದರಬೇಕಿಲ್ಲ. ಎರಡು ಅಡಿಗೊಮ್ಮೆ ನಿಂತ ಪಕಾಸಿನ ಮೇಲೆ ಅಡಿಗೊಂದು ರೀಪು ಬಡಿದಮೇಲೆ ಅದು ತಿರುಗುವುದಾದರೂ ಎಲ್ಲಿಗೆ?

ಸಾ ಮಿಲ್ಲಿನ ವಿಷಯ ಒಂದು ಇಲ್ಲೇ ಹೇಳಬೇಕು. 2×3 ಎಂದು ಕೇಳಿ ತಂದದ್ದನ್ನು ಟೇಪು ಹಿಡಿದು ನೋಡಿ. ಗರಗಸದ ಬಾಯಿಗೆ ಹೋದದ್ದು, ಒಣಗಿ ಕುಗ್ಗಿದ್ದು, ರಂದಾ ಹೊಡೆದದ್ದು ಕಳೆದು ಎಷ್ಟೋ ಸಲ 1¾×2¾ ಇರುತ್ತದೆ. ಕಾಲು ಇಂಚು ತಾನೇ ಅನಿಸುತ್ತದೆ. ಆ ಕಾಲು ಇಂಚಿಗೆ ಬಿಗಿತನದ ಮೂರನೇ ಒಂದು ಪಾಲು ಹೋಗಿರುತ್ತದೆ. ಈ ಮನೆಯ ಪಕಾಸು ಅಳೆದಾಗ ಹೆಚ್ಚಿನವು ಪೂರಾ 2×3 ಇದ್ದವು. ಪತ್ರಾಸ್ ಹಾಕಿದವರು ಕಟ್ಟಿಗೆ ಮಾತ್ರ ಮೋಸ ಮಾಡದೆ ಕೊಟ್ಟಿದ್ದರು.

ಸ್ಪ್ಯಾನ್ ಕಡಿಮೆ ಮಾಡಿದರೆ?

ಬಾಗು ಸ್ಪ್ಯಾನಿನ ನಾಲ್ಕನೇ ಘಾತದಲ್ಲಿ ಏರುತ್ತದೆ. ಬಾಯಲ್ಲಿ ಹೇಳಿದರೆ ಯಾರಿಗೂ ಇದು ಅಂದಾಜಾಗುವುದಿಲ್ಲ. 8 ಅಡಿಯ ಜಾಗದಲ್ಲಿ 10 ಅಡಿ ಆದರೆ ಬಾಗು ಸುಮಾರು ಎರಡೂವರೆ ಪಟ್ಟು. ಉಲ್ಟಾ ನೋಡಿ. 8 ಅಡಿಯನ್ನು 4 ಮಾಡಿದರೆ ಬಾಗು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ 2×3 ಪಕಾಸಿನ 26 ಮಿಲಿಮೀಟರ್ ಎರಡು ಮಿಲಿಮೀಟರಿಗೂ ಕಡಿಮೆ ಆಗುತ್ತದೆ. ಹೊಸ ಪಕಾಸೇ ಬೇಡ.

ಅಂದರೆ ಪ್ರತಿ ಇಳಿಜಾರಿನ ನಡುಮಧ್ಯ, ಮನೆಯ ಉದ್ದಕ್ಕೆ ಒಂದು ನಡುತೊಲೆ. ಮಾಸ್ತರರು ತಕ್ಷಣ ಕೇಳಿದರು: "ಆ ತೊಲಿ ಯಾರ ಮ್ಯಾಲೆ ಕೂಡೂದು?" ಸರಿಯಾದ ಪ್ರಶ್ನೆ. ಭಾರ ಎಲ್ಲೂ ಮಾಯವಾಗುವುದಿಲ್ಲ. ಪಕಾಸಿನಿಂದ ಇಳಿದದ್ದು ತೊಲೆಗೆ ಬರುತ್ತದೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ.

ಕಂಬ ಎಂದಕೂಡಲೇ ಮನೆಯಲ್ಲಿ ಅಸಮಾಧಾನ. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ಮಗನಿಗೆ ಪಡಸಾಲೆ ಖಾಲಿ ಇರಬೇಕು, ಹಾಲ್ ಥರ. ಅವನು ಕಬ್ಬಿಣದ ಪೈಪಿನ ಮಾತು ತೆಗೆದ. ಪೈಪು ಕೆಟ್ಟದ್ದೇನಲ್ಲ, ಆದರೆ ಅದಕ್ಕೂ ಸ್ಪ್ಯಾನಿನ ನಿಯಮ ಇದೇ. ತೆಳು ಪೈಪು ಹಾಕಿ ಕಂಬ ಬೇಡ ಅಂದರೆ ಅದೂ ಜೋತು ಬೀಳುತ್ತದೆ. ಕೊನೆಗೆ ಕಂಬದ ಪರ ನಿಂತವರು ಮಾಸ್ತರರ ಮನೆಯವರು. ಅವರ ತವರು ಮನೆಯ ಪಡಸಾಲೆಯಲ್ಲಿ ಕಂಬ ಇದ್ದವಂತೆ. "ಒರಗಿ ಕುಂಡ್ರಾಕ ಆಕ್ಕೈತಿ, ತೊಟ್ಲಾ ಕಟ್ಟಾಕ ಆಕ್ಕೈತಿ, ಇರಲಿ ಬಿಡ್ರಿ."

ನಮ್ಮ ಕಡೆಯ ಹಳೆಯ ಪಡಸಾಲೆಗಳ ಕಂಬಗಳನ್ನು ಈಗ ಜನ ಅಂದಕ್ಕೆ ನಿಲ್ಲಿಸಿದ್ದು ಎಂದುಕೊಳ್ಳುತ್ತಾರೆ. ಕೆತ್ತನೆ ಅಂದಕ್ಕೇ ಇರಬಹುದು. ಕಂಬ ನಿಂತದ್ದು ಸ್ಪ್ಯಾನ್ ಒಡೆಯಲಿಕ್ಕೆ. ಗದಗಿನ ಕಡೆಯ ಮಾಳಿಗೆ ಮನೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅರ್ಧ ಅಡಿ ದಪ್ಪದ ಮಣ್ಣು ಅಂದರೆ ಹಂಚಿನ ಮೂರು ನಾಲ್ಕು ಪಟ್ಟು ಭಾರ. ಅದಕ್ಕೇ ಅಲ್ಲಿ ಜಂತಿಗಳು ಒತ್ತೊತ್ತಾಗಿ, ಅಂಕಣಗಳು, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗಗಳು, ಸಣ್ಣಸಣ್ಣವು. ಆ ಬಡಿಗೇರರು ಸೂತ್ರ ಬರೆದು ಲೆಕ್ಕ ಹಾಕಿರಲಿಕ್ಕಿಲ್ಲ, ಆದರೆ ಉತ್ತರ ತಪ್ಪಿಲ್ಲ.

ಗೋಡೆ ಹೊರಗೆ ವಾಲಿದ್ದೇಕೆ

ಒಂದು ಸಂಗತಿ ಯಾರೂ ಹೇಳಿರಲಿಲ್ಲ. ಹೊರಗಿನಿಂದ ತೂಕದ ಗುಂಡು ಬಿಟ್ಟು ನೋಡಿದಾಗ ಉದ್ದದ ಎರಡೂ ಗೋಡೆಗಳ ತಲೆ ನಡುಭಾಗದಲ್ಲಿ ಸ್ವಲ್ಪ ಹೊರಕ್ಕೆ ಬಾಗಿತ್ತು. ತುದಿಗಳಲ್ಲಿ ಇಲ್ಲ, ನಡುವೆ ಮಾತ್ರ. ಇದು ಪಕಾಸುಗಳು ಒದ್ದದ್ದರ ಗುರುತು.

ನೆತ್ತಿಯಲ್ಲಿ ಬರೀ ತೆಳು ಹಲಗೆ ಇದ್ದು, ಎರಡು ಬದಿಯ ಪಕಾಸು ಒಂದಕ್ಕೊಂದು ಒರಗಿ ನಿಂತಿದ್ದರೆ, ಮೇಲಿನ ಭಾರಕ್ಕೆ ಅವುಗಳ ಕಾಲು ಹೊರಕ್ಕೆ ಜಾರಲು ನೋಡುತ್ತದೆ. ತಡೆಯುವುದು ಗೋಡೆ ಒಂದೇ. ಹಂಚಿನ ಪೂರ್ತಿ ಭಾರಕ್ಕೆ ಈ ಮಾಡಿನ ಒಂದೊಂದು ಜೋಡಿ ಪಕಾಸು ಗೋಡೆಯನ್ನು ಹೊರಕ್ಕೆ ದೂಡುವ ಬಲ ಸುಮಾರು 165 ಕಿಲೋ. 22 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ 1800 ಕಿಲೋ ಆಸುಪಾಸು. ಮಣ್ಣಿನ ಗೋಡೆ ಮೇಲಿಂದ ಬರುವ ಭಾರವನ್ನು ಆರಾಮಾಗಿ ಹೊರುತ್ತದೆ, ಪಕ್ಕಕ್ಕೆ ದೂಡಿದರೆ ಅದಕ್ಕೆ ತಾಕತ್ತಿಲ್ಲ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಪಕಾಸಿನ ದಪ್ಪಕ್ಕಿಂತ ದೊಡ್ಡ ಅಪಾಯ ಇದೇ ಆಗಿತ್ತು. 4×4 ಹಾಕಿದ್ದರೆ ಇದು ಒಂದಿಷ್ಟೂ ಕಡಿಮೆ ಆಗುತ್ತಿರಲಿಲ್ಲ. ಪಕಾಸು ದಪ್ಪ ಇದ್ದಷ್ಟೂ ದೂಡುವ ಬಲ ಒಂಚೂರು ಜಾಸ್ತಿಯೇ.

ತಡೆಯಲು ಎರಡು ದಾರಿ. ಪ್ರತಿ ಜೋಡಿಯ ಕಾಲುಗಳನ್ನು ಗೋಡೆಯಿಂದ ಗೋಡೆಗೆ ಒಂದು ಅಡ್ಡ ಕಟ್ಟಿಗೆಯಿಂದ ಕಟ್ಟಿಹಾಕುವುದು ಒಂದು. ನೆತ್ತಿಯಲ್ಲಿ ತೆಳು ಹಲಗೆಯ ಬದಲು, ಕೆಳಗಿನಿಂದ ಆಧಾರವಿರುವ ನಿಜವಾದ ತೊಲೆ ಹಾಕಿ ಪಕಾಸಿನ ತಲೆಯನ್ನು ಅದರ ಮೇಲೆ ಕೂರಿಸುವುದು ಇನ್ನೊಂದು. ತಲೆ ತೊಲೆಯ ಮೇಲೆ ಕೂತರೆ ಕಾಲು ಜಾರಲು ನೋಡುವುದಿಲ್ಲ. ನಾಲ್ಕು ಕಂಬ ಹೇಗಿದ್ದರೂ ಬರುವುದರಿಂದ ಎರಡನೆಯದೇ ಸಲೀಸಾಯಿತು.

ಕೊನೆಗೆ ನಿಂತ ಮಾಡು

ಪಡಸಾಲೆಯ ಉದ್ದವನ್ನು ಮೂರು ಅಂಕಣ ಮಾಡಿ ಎರಡು ಜಾಗದಲ್ಲಿ ಜೋಡಿ ಕಂಬ. ಕಂಬದಿಂದ ಕಂಬಕ್ಕೆ ಅಡ್ಡಲಾಗಿ 8 ಅಡಿ, ಉದ್ದಕ್ಕೆ 7 ಅಡಿ 4 ಇಂಚು. ಗೋಡೆಯ ಬದಿಗೆ ಓಡಾಡಲು ಮೂರೂವರೆ ಅಡಿ ಉಳಿಯಿತು. ಕಂಬದ ತಲೆಯ ಮೇಲೆ 4×6 ಅಡ್ಡತೊಲೆ. ಅದರ ಎರಡು ತುದಿಗಳ ಮೇಲೆ ನಡುತೊಲೆಗಳು. ಅದರ ನಡುವೆ ಒಂದು ಗಿಡ್ಡ ಕಂಬ ನಿಲ್ಲಿಸಿ ಅದರ ಮೇಲೆ ನೆತ್ತಿಯ ತೊಲೆ. ನಡುತೊಲೆ, ನೆತ್ತಿತೊಲೆ ಎರಡಕ್ಕೂ 3×5. ತುದಿಗಳಲ್ಲಿ ಅವು ತ್ರಿಕೋನ ಗೋಡೆಗಳ ಮೇಲೆ, ಅಗಲ ಕಲ್ಲಿನ ಹಾಸಿನ ಮೇಲೆ ಕೂರುತ್ತವೆ. ಮಣ್ಣಿನ ಮೇಲೆ ನೇರವಾಗಿ ಅಲ್ಲ.

ನಡುತೊಲೆಗೆ ಒಂದು ಅಡಿ ಉದ್ದಕ್ಕೆ 60 ಕಿಲೋ ಭಾರ ಹಿಡಿದೆವು. ನಡು ಆಧಾರದ ಮೇಲೆ ಹಾದುಹೋಗುವ ಪಕಾಸು ಅಲ್ಲಿ ತನ್ನ ಅರ್ಧಕ್ಕಿಂತ ಜಾಸ್ತಿ ಭಾರ ಇಳಿಸುತ್ತದೆ. ಸುಮ್ನೆ ಅರ್ಧ ಅಂತ ಹಿಡಿದರೆ ಲೆಕ್ಕ ತಪ್ಪುತ್ತದೆ. 7 ಅಡಿ 4 ಇಂಚಿಗೆ 3×5 ಸುಮಾರು 5 ಮಿಲಿಮೀಟರ್ ಬಾಗುತ್ತದೆ, ಮಿತಿ 6. ಮಗ ಇಲ್ಲಿ ಇನ್ನೊಂದು ಚೌಕಾಸಿ ಮಾಡಿದ. ನಾಲ್ಕು ಕಂಬದ ಬದಲು ನಡುವೆ ಎರಡೇ ಸಾಕಲ್ವಾ? ಆಗ ತೊಲೆಯ ಸ್ಪ್ಯಾನ್ 11 ಅಡಿ. ಅದೇ 3×5 ತೊಲೆ 25 ಮಿಲಿಮೀಟರ್ ಬಾಗುತ್ತದೆ. ಆರಾಮಾಗಿ ಮಿತಿಯೊಳಗೆ ತರಲು 4×7 ಬೇಕು. 15 ಚದರ ಇಂಚಿನ ಜಾಗದಲ್ಲಿ 28. ಅಷ್ಟು ದೊಡ್ಡ, ಉದ್ದ, ಗಂಟಿಲ್ಲದ ತೊಲೆ ದಾಂಡೇಲಿ, ಹಳಿಯಾಳದ ಕಡೆಯಿಂದ ಹುಡುಕಿ ತರಿಸಬೇಕು, ದರವೂ ಬೇರೆ. ಎರಡು ಕಂಬ ಉಳಿಸಲು ಹೋಗಿ ಅದರ ಮೂರು ಪಟ್ಟು ತೆರುವ ವ್ಯವಹಾರ. ಮಗ ಸುಮ್ಮನಾದ.

ಕಂಬಗಳು 5×5. ಭಾರಕ್ಕೆ ಅಷ್ಟು ಬೇಕಿರಲಿಲ್ಲ, ಒಂದು ಕಂಬದ ಮೇಲೆ ಬರುವುದು 650 ಕಿಲೋ ಅಷ್ಟೇ. ಹತ್ತು ಅಡಿ ಎತ್ತರದ ಕಂಬ ಕಣ್ಣಿಗೂ ಗಟ್ಟಿ ಕಾಣಬೇಕೆಂದು ಬಡಿಗೇರರು ಹಟ ಹಿಡಿದರು. ಇದರಲ್ಲಿ ನಾನು ಅವರ ಪರ. ಕೆಳಗೆ ಗಟ್ಟಿ ನೆಲ ಸಿಗುವ ತನಕ ಅಗೆದು ಎರಡಡಿ ಚೌಕದ ಬುನಾದಿ, ಅದರ ಮೇಲೆ ನೆಲಕ್ಕಿಂತ ಎತ್ತರದ ಕಲ್ಲು, ಕಲ್ಲಿನ ಮೇಲೆ ಕಂಬ. ಕಟ್ಟಿಗೆ ನೆಲಕ್ಕೆ ತಾಗಿದರೆ ಗೆದ್ದಲು ಬರುತ್ತದೆ. ಲೆಕ್ಕದಲ್ಲಿ ಎಷ್ಟು ಪಾಸಾದರೂ ಗೆದ್ದಲಿಗೆ ಲೆಕ್ಕ ಗೊತ್ತಿಲ್ಲ.

ಹಳೆಯ ಹದಿನಾರು ಪಕಾಸುಗಳಲ್ಲಿ ಮೂರನ್ನು ತೆಗೆದುಹಾಕಿದೆವು. ಎರಡಕ್ಕೆ ಹುಳ ಹಿಡಿದಿತ್ತು. ಒಂದರಲ್ಲಿ ಕೆಳ ಅಂಚಿನಲ್ಲೇ, ಅದೂ ನಡುಮಧ್ಯ, ಮುಷ್ಟಿಯಷ್ಟು ಗಂಟು. ಕಟ್ಟಿಗೆ ಬಾಗಿದಾಗ ಕೆಳ ಅಂಚು ಎಳೆತಕ್ಕೆ ಸಿಗುತ್ತದೆ. ಗಂಟು ಅಲ್ಲಿದ್ದರೆ ಒಡೆಯುವುದೂ ಅಲ್ಲಿಂದಲೇ. ಸಣ್ಣ ಗಂಟು ಇದ್ದವನ್ನು ತಿರುವಿ, ಗಂಟು ಮೇಲೆ ಬರುವಂತೆ ಹಾಕಿದೆವು. ಬದಿಗೆ ಹನ್ನೆರಡರಂತೆ ಇಪ್ಪತ್ನಾಲ್ಕು ಬೇಕಿತ್ತು, ಹಾಗಾಗಿ ಹನ್ನೊಂದು ಹೊಸವು. ಹೊಸ ಪಕಾಸಿಗೆ ಉದ್ದ ಹೇಳುವಾಗ ಮಾಸ್ತರರು 8 ಅಡಿಗೆ 2 ಅಡಿ ಸೂರು ಸೇರಿಸಿ 10 ಎಂದು ಚೀಟಿಯಲ್ಲಿ ಬರೆದಿದ್ದರು. ಭಾರದ ಲೆಕ್ಕಕ್ಕೆ ನೆಲದ ಅಳತೆ ಸರಿ, ಆದರೆ ಕಟ್ಟಿಗೆ ಕೊಳ್ಳುವುದು ಇಳಿಜಾರಿನ ಅಳತೆಗೆ. 30 ಡಿಗ್ರಿಗೆ 8 ಅಡಿ ಎಂದರೆ 9 ಅಡಿ 3 ಇಂಚು. ಸೂರು ಸೇರಿ 11 ಅಡಿ 3 ಇಂಚು. ತಂದದ್ದು 12 ಅಡಿಯವು.

ಒಟ್ಟು ಹೊಸ ಕಟ್ಟಿಗೆ, ಕಂಬಗಳೂ ಸೇರಿ, ಸುಮಾರು 23 ಘನ ಅಡಿ. ಬಡಿಗೇರರ ಮೊದಲಿನ ಮಾತಿನಂತೆ ಇಪ್ಪತ್ನಾಲ್ಕು 4×4 ಪಕಾಸು ಹಾಕಿದ್ದರೆ ಬರೀ ಪಕಾಸಿಗೇ 32 ಘನ ಅಡಿ ಆಗುತ್ತಿತ್ತು, ಗೋಡೆ ಒದೆಯುವುದು ಹಾಗೇ ಉಳಿಯುತ್ತಿತ್ತು. ಕಂಬ ಬೇಡವೇ ಬೇಡ ಎನ್ನುವವರು 2×5 ಪಕಾಸು, ಪ್ರತಿ ಜೋಡಿಗೆ 2×4 ಅಡ್ಡಕಟ್ಟು ಹಾಕಬಹುದು. ಅದಕ್ಕೆ 31 ಘನ ಅಡಿ ಹತ್ತಿರ ಬೇಕು. ಅದೂ ತಪ್ಪು ದಾರಿ ಅಲ್ಲ. ಆದರೆ ತಲೆಯ ಮೇಲೆ ಎರಡಡಿಗೊಂದು ಅಡ್ಡಪಟ್ಟಿ ನೋಡುತ್ತಾ ಮಲಗಬೇಕು.

ಪಕಾಸಿಗೆ ಕಚ್ಚು ಹಾಕುವಾಗ ಸ್ವಲ್ಪ ಜಗ್ಗಾಟ ಆಯಿತು. ಪಕಾಸು ಪಟ್ಟಿಯ ಮೇಲೆ, ತೊಲೆಯ ಮೇಲೆ ಸಪಾಟಾಗಿ ಕೂರಲು ಅದರ ಕೆಳಗೆ ಕಚ್ಚು ಕೊರೆಯುತ್ತಾರೆ. ಬಡಿಗೇರರ ಹುಡುಗ ಅಂದಕ್ಕೆಂದು ಒಂದೂವರೆ ಇಂಚು ಆಳ ಕೊರೆದ. ಮೂರಿಂಚಿನ ಪಕಾಸಿನಲ್ಲಿ ಉಳಿದದ್ದು ಒಂದೂವರೆ ಇಂಚು. ಅಲ್ಲಿ ಬಲ ಕಾಲು ಭಾಗಕ್ಕೆ ಇಳಿಯಿತು. ಅದೂ ನಡುತೊಲೆಯ ಮೇಲೆ, ಬಾಗಿಸುವ ಬಲ ಹೆಚ್ಚಿರುವ ಜಾಗದಲ್ಲಿ. ಎತ್ತರದ ಕಾಲು ಭಾಗಕ್ಕಿಂತ ಆಳ ಹೋಗಬಾರದು ಎಂದು ಗೆರೆ ಹಾಕಿಕೊಂಡೆವು, ಅಂದರೆ ಮುಕ್ಕಾಲು ಇಂಚು. ಕೊರೆದುಬಿಟ್ಟಿದ್ದ ಪಕಾಸನ್ನು ಬದಿಗೆ ಇಟ್ಟು ಅದರಿಂದ ಸೂರಿನ ಪಟ್ಟಿ ಮಾಡಿದರು. ಅದಕ್ಕೆ ಬದಲಾಗಿ ಇನ್ನೊಂದು ಹೊಸದು ತರಬೇಕಾಯಿತು.

ರೀಪಿನ ಅಂತರ ಹಂಚಿನ ಮೇಲೆ ಹೋಗುತ್ತದೆ. ಒಂದೊಂದು ಕಾರ್ಖಾನೆಯ ಹಂಚಿನ ಅಳತೆ ಸ್ವಲ್ಪ ಬೇರೆ. ನೆಲದ ಮೇಲೆ ಆರೇಳು ಹಂಚು ಒಂದಕ್ಕೊಂದು ಕಚ್ಚಿಸಿ ಜೋಡಿಸಿ, ಒಟ್ಟು ಉದ್ದ ಅಳೆದು ಭಾಗ ಮಾಡುವುದೇ ಸರಿ. ಹಂಚು ಹತ್ತಿಸುವವರಿಗೆ ಪಕಾಸಿನ ಮೇಲೆ ಕಾಲಿಡಿ, ಎರಡು ಪಕಾಸಿನ ನಡುವೆ ರೀಪಿನ ಮೇಲೆ ಬೇಡ ಎಂದು ಮೊದಲೇ ಹೇಳಿದ್ದೆವು. ಸೂರಿನ ಎರಡು ಸಾಲು ಹಂಚುಗಳನ್ನು ತಂತಿಯಿಂದ ಕಟ್ಟಿದರು. ಗಾಳಿಗೆ ಅಲ್ಲ, ಮಂಗಗಳಿಗೆ! ಗಾಳಿಗೂ ಆಯಿತು.

ಮಳೆಗಾಲ ಮುಗಿದ ಮೇಲೆ ನಡುತೊಲೆಗೆ ತುದಿಯಿಂದ ತುದಿಗೆ ದಾರ ಎಳೆದು ನೋಡಿದೆವು. ಬಿಸಿಲು ಬೀಳುವ ಬದಿಯ ತೊಲೆ ನಡು ಅಂಕಣದಲ್ಲಿ 2 ಮಿಲಿಮೀಟರ್ ಇಳಿದಿತ್ತು, ಇನ್ನೊಂದು ಬದಿಯದು 3. ಮೇಲೆ ಜನ ಇಲ್ಲದಾಗಿನ, ಬರೀ ಹಂಚಿನ ಭಾರದ ಬಾಗು ಇದು. ಲೆಕ್ಕದಲ್ಲಿ ಬಂದಿದ್ದೂ 3ರ ಆಸುಪಾಸೇ. ಗೋಡೆಯ ವಾಲು ಹೆಚ್ಚಾಗಿಲ್ಲ. ಮೊದಲು ವಾಲಿದ್ದು ಮಾತ್ರ ಹಾಗೇ ಇದೆ, ಅದನ್ನು ಮಾಡು ಸರಿ ಮಾಡುವುದಿಲ್ಲ. ಹೊರಗಿನಿಂದ ಎರಡು ಕಲ್ಲಿನ ಒತ್ತುಗಟ್ಟೆ ಕಟ್ಟಿಸುವ ಮಾತು ನಡೆದಿದೆ.

ಈಗ ಮುಂದಿನ ಕಟ್ಟೆಯ ಮೇಲೂ ಅದೇ ಇಳಿಜಾರಿನಲ್ಲಿ ಹಂಚು ಇಳಿಸಬೇಕಂತೆ, 6 ಅಡಿ ಅಗಲಕ್ಕೆ. ಎರಡಡಿಗೊಂದು ಪಕಾಸು. ಉಳಿದ 2×3 ತುಂಡು ಹಾಕಿಬಿಡೋಣ ಎಂದರು ಮಾಸ್ತರರು. "ಅದು 8 ಮಿಲಿಮೀಟರ್ ಬಾಗತೈತ್ರಿ, 6ರ ಮ್ಯಾಲೆ ಹೋಗಬಾರದಲ್ಲ. ಎರಡು-ನಾಕು ಹಾಕೂಣು, ಕಂಬ ಬ್ಯಾಡ," ಎಂದು ಬಡಿಗೇರರೇ ಹೇಳಿದರು. 2×4ಕ್ಕೆ ಲೆಕ್ಕ ಹಾಕಿದರೆ ಮೂರೂವರೆ ಮಿಲಿಮೀಟರ್ ಬರುತ್ತದೆ. ಕಟ್ಟಿಗೆ ಬಂದು ಹಿತ್ತಲಿನಲ್ಲಿ ನೆರಳಿಗೆ ಒಣಗುತ್ತಿದೆ.